ನಾನಿರುವ ರೂರ್ ಪ್ರದೇಶ: ಗಣಿ ಮುಚ್ಚಿದ ಮೇಲೆ

ವಿದೇಶದಲ್ಲಿ ನೀವಿರುವ ಕಡೆ ಹೇಗಿದೆ, ನೋಡಲು ಬಂದವರಿಗೆ ಮೊದಲು ಏನು ತೋರಿಸುತ್ತೀರಿ ಎಂದು ಕೇಳಿದ್ದೀರಿ. ನಾನಿರುವುದು ಜರ್ಮನಿಯ ಎಸೆನ್‌ನಲ್ಲಿ. ಇದು ಪಶ್ಚಿಮದ ರೂರ್ ಪ್ರದೇಶ. ಊರಿಗೆ ಊರು ಅಂಟಿಕೊಂಡಿದೆ, ಒಂದು ಮುಗಿದು ಇನ್ನೊಂದು ಶುರುವಾದದ್ದೇ ತಿಳಿಯುವುದಿಲ್ಲ. ಸುಮಾರು 50 ಲಕ್ಷ ಜನ.

ಬಂದವರನ್ನು ಮೊದಲು ಪಕ್ಕದ ಬೊಟ್ರೊಪ್‌ನ ಗುಡ್ಡಕ್ಕೆ ಕರೆದೊಯ್ಯುತ್ತೇನೆ. ಮೇಲೆ ಉಕ್ಕಿನ ದೊಡ್ಡ ಪಿರಮಿಡ್ ಇದೆ, ಮೆಟ್ಟಿಲು ಹತ್ತಬಹುದು. ಸುತ್ತ ನೋಡಿದರೆ ಎಲ್ಲ ಹಸಿರು. ನಿಜಕ್ಕೂ ಅದು ಗುಡ್ಡವಲ್ಲ. ಕಲ್ಲಿದ್ದಲು ತೆಗೆಯುವಾಗ ಮೇಲೆ ಬಂದ ಕಲ್ಲುಮಣ್ಣಿನ ರಾಶಿ.

ನಾನು ಬಂಗಾರಪೇಟೆಯವನು. ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳನ್ನು, ನೋಡುತ್ತಲೇ ಬೆಳೆದೆ. ಗಾಳಿ ಎದ್ದರೆ ಧೂಳು. ಅದಕ್ಕೇ ಇಲ್ಲಿನ ರಾಶಿಗಳ ಮೇಲೆ ಮಕ್ಕಳು ಸೈಕಲ್ ಹೊಡೆಯುವುದನ್ನು ಕಂಡಾಗ ಸುಮ್ನೆ ನಿಂತುಬಿಡುತ್ತೇನೆ.

ಇಲ್ಲಿ ಎಮ್ಶರ್ ಅಂತ ಒಂದು ನದಿ. ನೂರು ವರ್ಷಕ್ಕೂ ಜಾಸ್ತಿ ಕಾಲ ಅದು ತೆರೆದ ಚರಂಡಿಯಾಗಿತ್ತು. ಗಣಿಯಿಂದ ನೆಲ ಕುಸಿಯುತ್ತಲೇ ಇತ್ತು, ಒಳಗೆ ಪೈಪು ಹಾಕಿದರೆ ಒಡೆದುಹೋಗುತ್ತಿತ್ತು. ಹಾಗಾಗಿ ಕೊಳಚೆಯನ್ನೆಲ್ಲ ನದಿಗೇ ಬಿಟ್ಟರು. ಗಣಿಗಳು ಮುಚ್ಚುತ್ತಾ ಬಂದ ಮೇಲೆ, 1990ರ ದಶಕದಲ್ಲಿ ನದಿಯನ್ನು ಸರಿಪಡಿಸುವ ಕೆಲಸ ಶುರುವಾಯಿತು. ನೆಲದಡಿ ಸುಮಾರು 50 ಕಿಲೋಮೀಟರ್ ಉದ್ದದ ಕೊಳವೆ ಹಾಕಿದರು. 2021ರ ಕೊನೆಯ ಹೊತ್ತಿಗೆ ನದಿಗೆ ಕೊಳಚೆ ಬೀಳುವುದು ನಿಂತಿತು. ಮೂವತ್ತು ವರ್ಷ ಹಿಡಿಯಿತು ಅಲ್ವಾ! ಆದರೂ ಕೈಬಿಡಲಿಲ್ಲ. ಈ ಪ್ರದೇಶದ ಬಗ್ಗೆ ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ಇದೇ. ನೆಲ ಕುಸಿದ ಅನೇಕ ಕಡೆ ನೀರನ್ನು ಎತ್ತಲು ಇವತ್ತಿಗೂ ಪಂಪುಗಳು ಓಡುತ್ತಿವೆ. ನಿಲ್ಲಿಸಿದರೆ ಎಷ್ಟೋ ಬೀದಿಗಳು ಕೆರೆಯಾಗುತ್ತವೆ.

ಇಲ್ಲಿನ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 2018ರ ಡಿಸೆಂಬರ್‌ನಲ್ಲಿ. ಎಸೆನ್‌ನ ಝೋಲ್‌ಫೆರೈನ್ ಗಣಿ 1986ರಲ್ಲೇ ನಿಂತಿತ್ತು. ಅದನ್ನು ಕೆಡವಲಿಲ್ಲ. 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ 2001ರಲ್ಲಿ ನಮ್ಮ ಕೆಜಿಎಫ್ ಮುಚ್ಚಿತು. ಆ ವರ್ಷ ಅಪ್ಪನ ಕೆಲಸ ಹೋಯಿತು.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಝೋಲ್‌ಫೆರೈನ್ ತೋರಿಸಿದವರು ಒಬ್ಬ ಮಾಜಿ ಗಣಿ ಕಾರ್ಮಿಕರು. ಎಷ್ಟು ಆಳ ಎಂದು ಅಪ್ಪ ಕೇಳಿದರು. ಅವರು ಚೀಟಿಯಲ್ಲಿ 1000 ಮೀಟರ್ ಎಂದು ಬರೆದರು. ಅಪ್ಪ ಅದರ ಕೆಳಗೆ 3000 ಎಂದು ಬರೆದು, ಎದೆ ಮುಟ್ಟಿ ತೋರಿಸಿದರು. ಅವರು ಅಪ್ಪನ ಕೈ ಹಿಡಿದುಕೊಂಡು "ಗ್ಲ್ಯುಕ್ ಔಫ್" ಎಂದರು. ಗಣಿಗೆ ಇಳಿದವರು ಸುಖವಾಗಿ ಮೇಲೆ ಬರಲಿ ಎಂಬ ಇಲ್ಲಿನ ಹಳೆಯ ನಮಸ್ಕಾರ ಅದು. ಅರ್ಥ ಹೇಳಿದೆ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಅಪ್ಪ ಆ ಎರಡು ಪದ ಬಾಯಿಪಾಠ ಮಾಡುತ್ತಿದ್ದರು.