ಕಡಲಿನ ಕ್ಯಾಪ್ಸೂಲ್ ನುಂಗಿದರೆ ಶುಗರ್ ಮಾತ್ರೆ ಬಿಡಬಹುದಾ?

ಪ್ರಶ್ನೆ: ನನಗೆ 57 ವರ್ಷ. ಹತ್ತು ವರ್ಷದಿಂದ ಶುಗರ್ ಇದೆ. ಥೈರಾಯ್ಡ್ ಕಡಿಮೆ ಅಂತ ಅದಕ್ಕೂ ಮಾತ್ರೆ. ಹೋದ ತಿಂಗಳು ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 310 ಬಂತು. ಪರಿಚಯದವರೊಬ್ಬರು ಮೀನೆಣ್ಣೆ, ಕಡಲಕಳೆ ಸಾರ, ಆಸ್ಟಾಜಾಂಥಿನ್ ಮೂರೂ ಸೇರಿದ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ. ಮೂರು ತಿಂಗಳಲ್ಲಿ ಶುಗರ್ ಮಾತ್ರೆಯನ್ನೇ ಬಿಡಬಹುದಂತೆ. ನಂಬಬಹುದಾ?
– ಓದುಗರು, ಗೋಣಿಕೊಪ್ಪ

ಉತ್ತರ: ಮಾತ್ರೆ ಬಿಡಬೇಡಿ. ಮೀನೆಣ್ಣೆಯಿಂದ ಶುಗರ್ ಇಳಿಯುವುದಿಲ್ಲ. ಅದು ಇಳಿಸುವುದು ಟ್ರೈಗ್ಲಿಸರೈಡನ್ನು. ಅದರಲ್ಲಿರುವ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು ಲಿವರ್‌ನಿಂದ ರಕ್ತಕ್ಕೆ ಬರುವ ಟ್ರೈಗ್ಲಿಸರೈಡನ್ನು ಕಡಿಮೆ ಮಾಡುತ್ತವೆ. ಆದರೆ ಅದಕ್ಕೆ ದಿನಕ್ಕೆ 4 ಗ್ರಾಂನಷ್ಟು ಬೇಕು. ಸಾಮಾನ್ಯವಾಗಿ ಸಿಗುವ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇವೆರಡೂ ಸೇರಿ 300 ಮಿಲಿಗ್ರಾಂ ಇದ್ದರೆ ಹೆಚ್ಚು. ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ ನೋಡಿ. ದಿನಕ್ಕೆ ಹದಿಮೂರು ಹದಿನಾಲ್ಕು ನುಂಗಬೇಕಾಗುತ್ತದೆ, ಅಲ್ವಾ? ಹಾಗೆ ಮಾಡಲೂ ಬೇಡಿ. ಅಷ್ಟು ಡೋಸಿನಲ್ಲಿ ಕೆಲವರಿಗೆ ಎದೆಬಡಿತ ಏರುಪೇರಾಗುವುದು ಕಂಡುಬಂದಿದೆ. ಅದು ಡಾಕ್ಟರು ಬರೆದುಕೊಟ್ಟು ತೆಗೆದುಕೊಳ್ಳುವ ಪ್ರಮಾಣ.

ನನಗೆ ಜಾಸ್ತಿ ಚಿಂತೆ ಇರುವುದು ಕಡಲಕಳೆಯದು. ನಮಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಸಾಕು, ಪ್ಯಾಕೆಟ್ ಉಪ್ಪಿನಲ್ಲೇ ಸಿಗುತ್ತದೆ. ಕೆಲ್ಪ್‌ನಂಥ ಕಂದು ಕಡಲಕಳೆಯ ಒಂದೇ ಗ್ರಾಂನಲ್ಲಿ ಅದರ ಹತ್ತು ಪಟ್ಟು ಇರಬಹುದು. ಮೊದಲೇ ನಿಧಾನವಾಗಿರುವ ಥೈರಾಯ್ಡ್, ಅಯೋಡಿನ್ ಅತಿಯಾದರೆ ಇನ್ನಷ್ಟು ಮಂಕಾಗಬಹುದು. ಥೈರಾಯ್ಡ್ ಮಂಕಾದರೆ ಟ್ರೈಗ್ಲಿಸರೈಡ್ ಏರುತ್ತದೆ. ಇಳಿಸಲು ಕೊಂಡದ್ದೇ ಏರಿಸಿದ ಹಾಗಾಯಿತು! ನಿಮ್ಮ 310ರಲ್ಲೂ ಥೈರಾಯ್ಡಿನ ಪಾಲು, ಹತೋಟಿ ತಪ್ಪಿದ ಶುಗರಿನ ಪಾಲು ಇರಬಹುದು. ಮೊದಲು ಅದನ್ನು ನೋಡಬೇಕು.

ಆಸ್ಟಾಜಾಂಥಿನ್ ಅಂದರೆ ಸಿಗಡಿ ಬೇಯಿಸಿದಾಗ ಕಾಣುವ ಕೆಂಪು ಬಣ್ಣ. ಶುಗರಿಗೆ ಔಷಧ ಅನ್ನುವಷ್ಟು ಪುರಾವೆ ಅದಕ್ಕಿಲ್ಲ.

ಹಾಗಂತ ಪೋಷಕಾಂಶ ಜೋಡಿಸುವ ವಿಚಾರವೇ ಸುಳ್ಳಲ್ಲ. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನರನ್ನು ಸುಮಾರು ಐದು ವರ್ಷ ಗಮನಿಸಿದರು. ಕೆಲವರಿಗೆ ವಿಟಮಿನ್ ಡಿ, ಕೆಲವರಿಗೆ 1 ಗ್ರಾಂ ಮೀನೆಣ್ಣೆ, ಕೆಲವರಿಗೆ ಎರಡೂ, ಉಳಿದವರಿಗೆ ಸುಮ್ನೆ ಖಾಲಿ ಮಾತ್ರೆ. ಕ್ಯಾನ್ಸರ್, ಹೃದ್ರೋಗದಲ್ಲಿ ಹೇಳಿಕೊಳ್ಳುವ ಇಳಿಕೆ ಬರಲಿಲ್ಲ. ಆದರೆ 2022ರಲ್ಲಿ ಬಂದ ವರದಿಯಲ್ಲಿ, ಎರಡೂ ತೆಗೆದುಕೊಂಡವರಲ್ಲಿ ಸಂಧಿವಾತ, ಸೋರಿಯಾಸಿಸ್ ಥರದ ಆಟೊಇಮ್ಯೂನ್ ಕಾಯಿಲೆ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವುದು) ಸುಮಾರು 30% ಕಡಿಮೆ. ಅದರಲ್ಲೂ ಹೆಚ್ಚಿನ ಕೆಲಸ ಮಾಡಿದ್ದು ವಿಟಮಿನ್ ಡಿ. ಮಾರುವವರು ಈ ಭಾಗ ಹೇಳುವುದಿಲ್ಲ.

ವಿಟಮಿನ್ ಡಿ, ಒಮೆಗಾ-3ರ ಈ ಜೋಡಿ ಮತ್ತಿ ಮೀನಿನಲ್ಲೇ ಇದೆ. ಬಂಗುಡೆಯಲ್ಲೂ ಇದೆ. ಮಾಕುಟ್ಟ ಘಾಟಿ ಹತ್ತಿ ಕೇರಳದ ಕಡೆಯಿಂದ ಮೀನು ಬರುವ ಊರು ನಿಮ್ಮದು, ಪುಣ್ಯವಂತರು. ವಾರಕ್ಕೆರಡು ಸಲ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಸಾರು ಮಾಡಿ. ಎಣ್ಣೆಯಲ್ಲಿ ಮುಳುಗಿಸಿ ಕರಿಯಬೇಡಿ. ಜೂನ್, ಜುಲೈನಲ್ಲಿ ಕಡಲಿಗೆ ದೊಡ್ಡ ಬೋಟ್ ಇಳಿಯುವುದಿಲ್ಲ, ಆಗ ನಮ್ಮ ಕಡೆ ಒಣಮೀನಿನ ಕಾಲ. ಮಳೆಗೆ ಗಂಜಿ, ಒಣಮೀನು ಬೇಡ ಅನ್ನಲು ನನಗೂ ಮನಸ್ಸಿಲ್ಲ. ಆದರೆ ಅದರ ಉಪ್ಪು ಬಿಪಿ ಏರಿಸುತ್ತದೆ. ಚೆನ್ನಾಗಿ ನೆನೆಸಿ, ನೀರು ಚೆಲ್ಲಿ, ಒಂದೆರಡು ತುಂಡಿಗೆ ನಿಲ್ಲಿಸಿ.

ಕ್ಯಾಪ್ಸೂಲ್ ಈಗಾಗಲೇ ಶುರು ಮಾಡಿದ್ದರೆ ನಿಲ್ಲಿಸಿ. ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿ ತೆಗೆದುಕೊಂಡು ಹೋಗಿ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಶುಗರಿನ ಸರಾಸರಿ), ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್ ಮೂರನ್ನೂ ಮಾಡಿಸಿ ತೋರಿಸಿ.