ತ್ರೀ ನಾಟ್ ತ್ರೀಗೆ ದುರ್ಬೀನು ಕೂರಿಸಿದರೆ ಸಾಕೇ?

ಶಿರಸಿಯ ಓದುಗರೊಬ್ಬರು ಕೇಳಿದ್ದಾರೆ: "ಎನ್‌ಸಿಸಿಯಲ್ಲಿ ತ್ರೀ ನಾಟ್ ತ್ರೀ (.303) ರೈಫಲ್ ಹಿಡಿದು ಕವಾಯತು ಮಾಡಿದವನು ನಾನು. ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ನೈಪರ್‌ಗಳ (ಅಡಗಿ ಕೂತು ದೂರದ ಗುರಿ ಹೊಡೆಯುವ ಸೈನಿಕರ) ಕೈಯಲ್ಲೂ ಅದೇ ಜಾತಿಯ ಬಂದೂಕು ಇತ್ತಂತೆ. ಹಾಗಾದರೆ ಮೇಲೊಂದು ದುರ್ಬೀನು ಕೂರಿಸಿದರೆ ಯಾವ ರೈಫಲ್ಲಾದರೂ ಸ್ನೈಪರ್ ರೈಫಲ್ ಆಗುತ್ತದೆಯೇ?"

ಉತ್ತರ: ಆಗುವುದಿಲ್ಲ. ಆದರೆ ನಿಮ್ಮ ಅರ್ಧ ಮಾತು ನಿಜ. ನೀವು ಹೇಳುತ್ತಿರುವ ಸ್ನೈಪರ್ ಬಂದೂಕು ಲೀ ಎನ್‌ಫೀಲ್ಡ್ ನಂಬರ್ 4 ಮಾರ್ಕ್ 1 (ಟಿ). 'ಟಿ' ಅಂದರೆ ಟೆಲಿಸ್ಕೋಪ್. ಅದನ್ನು ಯಾರೂ ಹೊಸದಾಗಿ ಕಂಡುಹಿಡಿಯಲಿಲ್ಲ. ಮಾಮೂಲಿ ಸಿಪಾಯಿಯ ರೈಫಲ್ಲನ್ನೇ ಆರಿಸಿ, ತಿದ್ದಿ ಮಾಡಿದ್ದು.

ದುರ್ಬೀನನ್ನು ಹೇಗೋ ಕೂರಿಸಿದರೆ ಏನಾಗುತ್ತದೆ ಎಂಬುದನ್ನು ಬ್ರಿಟಿಷರು ಮೊದಲ ಮಹಾಯುದ್ಧದಲ್ಲೇ ಅನುಭವಿಸಿದ್ದರು. ಮೇಲಿನಿಂದ ಕ್ಲಿಪ್ಪಲ್ಲಿ (ಹಲವು ಗುಂಡುಗಳನ್ನು ಒಟ್ಟಿಗೆ ಹಿಡಿದಿಡುವ ಪಟ್ಟಿ) ಗುಂಡು ತುಂಬಲು ಅಡ್ಡಿಯಾಗಬಾರದೆಂದು ಆಗ ದುರ್ಬೀನನ್ನು ಎಡಪಕ್ಕಕ್ಕೆ ಸರಿಸಿ ಕೂರಿಸುತ್ತಿದ್ದರು. ಕಂದಕದಲ್ಲಿ ಸ್ನೈಪರ್ ಗುಂಡು ಹಾರಿಸುವುದು ಉಕ್ಕಿನ ತಗಡಿನ ಸಣ್ಣ ಕಿಂಡಿಯಿಂದ. ನಳಿಗೆ ಕಿಂಡಿಯೊಳಗೆ ತೂರುತ್ತಿತ್ತು, ದುರ್ಬೀನಿಗೆ ಮಾತ್ರ ಬರೀ ತಗಡು ಕಾಣುತ್ತಿತ್ತು! ಜೀವದ ಮೇಲೆ ಬರುವ ತಪ್ಪು ಅದು, ಅಲ್ವಾ?

ನಂಬರ್ 4ರಲ್ಲಿ ದುರ್ಬೀನನ್ನು ನಳಿಗೆಯ ನೇರಕ್ಕೆ ಮೇಲೆ ತಂದರು. ಕ್ಲಿಪ್ ಹಾಕುವ ಅನುಕೂಲ ತಪ್ಪಿತು, ಗುಂಡುಗಳನ್ನು ಒಂದೊಂದಾಗಿ ತುಂಬಬೇಕಾಯಿತು. ಸ್ನೈಪರ್‌ಗೆ ಅವಸರಕ್ಕಿಂತ ಗುರಿ ಮುಖ್ಯ, ಹಾಗಾಗಿ ಇದು ಸರಿಯಾದ ತೀರ್ಮಾನ ಎಂದೇ ನನಗನಿಸುತ್ತದೆ.

ಮೊದಲ ಒಂದಷ್ಟು ಬಂದೂಕುಗಳು ಎನ್‌ಫೀಲ್ಡ್ ಕಾರ್ಖಾನೆಯಲ್ಲೇ ತಯಾರಾದವು. 1942ರಿಂದ ಈ ಕೆಲಸ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಹೋಯಿತು. ನಮ್ಮ ಮಹಾರಾಜರಿಗೂ ಶಿಕಾರಿ ಬಂದೂಕು ಮಾಡಿಕೊಟ್ಟ ಕಂಪನಿ ಅದು. ಫ್ಯಾಕ್ಟರಿಯ ಪರೀಕ್ಷೆಯಲ್ಲಿ ಚೆನ್ನಾಗಿ ಗುರಿ ಹೊಡೆದ ರೈಫಲ್‌ಗಳನ್ನಷ್ಟೇ ಬೇರೆ ತೆಗೆದಿಟ್ಟು ಅಲ್ಲಿಗೆ ಕಳಿಸುತ್ತಿದ್ದರು.

ಅಲ್ಲಿನ ಕುಶಲಕರ್ಮಿಗಳ ಕೆಲಸ ನೋಡಿ. ಬಂದೂಕಿನ ಎಡಮಗ್ಗುಲಿಗೆ ಎರಡು ಉಕ್ಕಿನ ಬಿಲ್ಲೆಗಳನ್ನು ಸ್ಕ್ರೂ ಹಾಕಿ ಭದ್ರ ಮಾಡುತ್ತಿದ್ದರು. ದುರ್ಬೀನಿನ ಬ್ರ್ಯಾಕೆಟ್ಟು ಆ ಬಿಲ್ಲೆಗಳಿಗೆ ಕೂತು, ಬೆರಳಲ್ಲೇ ತಿರುಗಿಸುವ ಎರಡು ದೊಡ್ಡ ಸ್ಕ್ರೂಗಳಿಂದ ಬಿಗಿಯಾಗುತ್ತಿತ್ತು. ದುರ್ಬೀನು ಎತ್ತರದಲ್ಲಿರುವುದರಿಂದ ಕೆನ್ನೆಗೆ ಆಸರೆ ಸಿಗುತ್ತಿರಲಿಲ್ಲ. ಅದಕ್ಕೆ ಹಿಂಬದಿಯ ಮರದ ಮೇಲೆ ಇನ್ನೊಂದು ಮರದ ತುಂಡು ಕೂರಿಸಿದರು. ಕೆನ್ನೆ ಪ್ರತಿಸಲ ಒಂದೇ ಜಾಗಕ್ಕೆ ಒರಗಿದರೆ ಕಣ್ಣೂ ಒಂದೇ ಜಾಗಕ್ಕೆ ಬರುತ್ತದೆ. ನೋಡಲು ಸುಮ್ನೆ ಒಂದು ಮರದ ತುಂಡು, ಅದರ ಉಪಕಾರ ಜಾಸ್ತಿ.

ದುರ್ಬೀನಿನ ಹೆಸರು ನಂಬರ್ 32. ಮೂಲತಃ ಬ್ರೆನ್ ಗನ್ ಎಂಬ ಹಗುರ ಮೆಷಿನ್ ಗನ್ನಿಗೆಂದು ರೂಪಿಸಿದ್ದು. ದೊಡ್ಡದಾಗಿ ತೋರಿಸುವ ಶಕ್ತಿ ಸುಮಾರು 3 ಪಟ್ಟು ಅಷ್ಟೇ. ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ಅದರ ತಿರುಗುಬಿಲ್ಲೆಯಲ್ಲಿ 1000 ಗಜದವರೆಗೆ ಗುರುತುಗಳಿದ್ದವು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿದೆ. ಒಂದು ರೈಫಲ್ಲಿಗೆ ಒಂದೇ ದುರ್ಬೀನು. ಎರಡನ್ನೂ ಹೊಂದಿಸಿದ ಮೇಲೆ ದುರ್ಬೀನಿನ ನಂಬರನ್ನು ಬಂದೂಕಿನ ಮರದ ಮೇಲೆ ಒತ್ತುತ್ತಿದ್ದರು, ಬಂದೂಕಿನ ನಂಬರನ್ನು ಬ್ರ್ಯಾಕೆಟ್ಟಿನ ಮೇಲೆ. ಅದಲುಬದಲಾದರೆ ಗುರಿಯನ್ನು ಮತ್ತೆ ಹೊಂದಿಸಬೇಕು.

ಹೀಗೆ 20,000ಕ್ಕೂ ಹೆಚ್ಚು ಬಂದೂಕುಗಳು ತಯಾರಾದವು. ಮುಂದೆ ಅವುಗಳಲ್ಲಿ ಕೆಲವಕ್ಕೆ 7.62 ಮಿ.ಮೀ. ನಳಿಗೆ ಹಾಕಿ ಎಲ್42ಎ1 ಎಂದು ಕರೆದರು. 1982ರ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಬ್ರಿಟಿಷ್ ಸ್ನೈಪರ್‌ಗಳು ಹಿಡಿದದ್ದು ಅದನ್ನೇ.

— ಸಂಪಾದಕ