ಹಳೆಯ ಡೀಸೆಲ್ ಪಿಕಪ್ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಘಾಟಿಯಲ್ಲಿ ನಿಲ್ಲುತ್ತದೆ: ಪಂಪ್ ಬಿಚ್ಚಿಸಬೇಕೇ?

ಸದ್ಯಕ್ಕೆ ಪಂಪ್ ಬಿಚ್ಚಿಸಬೇಡಿ. ನೀವು ಬರೆದಿರುವುದನ್ನು ಎರಡು ಸಲ ಓದಿದ ಮೇಲೆಯೇ ಹೇಳುತ್ತಿದ್ದೇನೆ. 2007ರ ಗಾಡಿ, ಕಾಮನ್ ರೈಲ್ (ಕಂಪ್ಯೂಟರ್ ಹತೋಟಿಯಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ವ್ಯವಸ್ಥೆ) ಬರುವುದಕ್ಕೆ ಮೊದಲಿನ ಮಾದರಿಯ, ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಯಾಂತ್ರಿಕ ಪಂಪ್. ಬೆಳಗ್ಗೆ ನಾಲ್ಕೈದು ಸಲ ಸೆಲ್ಫ್ ಹೊಡೆದರೆ ಹತ್ತಿಕೊಂಡು ಅರ್ಧ ನಿಮಿಷಕ್ಕೆ ನಿಲ್ಲುತ್ತದೆ, ಮತ್ತೊಮ್ಮೆ ಹೊಡೆದರೆ ಸರಿಯಾಗಿ ಓಡುತ್ತದೆ. ಲೋಡ್ ಇದ್ದಾಗ ಏರಿನಲ್ಲಿ ತಡವರಿಸಿ ನಿಂತು, ಹತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಬ್ಯಾಟರಿ ಹೊಸದು ಹಾಕಿಸಿದ್ದೀರಿ, ಸೆಲ್ಫ್ ಮೋಟರ್ ರಿಪೇರಿ ಆಗಿದೆ, ಈಗ ಗ್ಯಾರೇಜಿನವರು ಪಂಪಿಗೆ ಕೈಹಾಕಲು ಹೊರಟಿದ್ದಾರೆ.

ಇದೇ ಸರಣಿಯಲ್ಲಿ ನಾನೂ ದುಡ್ಡು ಕಳೆದುಕೊಂಡಿದ್ದೇನೆ. ಶಿರಸಿಯಿಂದ ಕುಮಟೆಗೆ ಸಾಮಾನು ಹೊಡೆಯುತ್ತಿದ್ದ ಕಾಲದಲ್ಲಿ ನನ್ನ ಪಿಕಪ್ ದೇವಿಮನೆ ಘಾಟಿಯಲ್ಲಿ ಮೇಲಿಂದ ಮೇಲೆ ನಿಲ್ಲುತ್ತಿತ್ತು. ಇಳಿಯುವಾಗ ತೊಂದರೆಯಿಲ್ಲ, ಮರಳಿ ಹತ್ತುವಾಗ ಮಾತ್ರ. ಪಂಪ್ ಬಿಚ್ಚಿಸಿದೆ, ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ ಬದಲಿಸಿದೆ, ಗಾಡಿ ಅದೇ ತಿರುವಿನಲ್ಲಿ ಮತ್ತೆ ನಿಂತಿತು. ಕೊನೆಗೆ ಸಿಕ್ಕಿದ ದೋಷ ಗೇಣುದ್ದದ ಒಂದು ರಬ್ಬರ್ ಪೈಪು. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗಾಡಿ ಹೇಗೆ ನಿಲ್ಲುತ್ತದೆ ಎನ್ನುವುದನ್ನು ಮೊದಲು ಗಮನಿಸಿ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಮ್ಮೆಲೇ ನಿಂತರೆ ಅನುಮಾನ ವಯರಿಂಗ್ ಮೇಲೆ ಹೋಗಬೇಕು. ಈ ಪಂಪುಗಳಲ್ಲಿ ಬಹಳಷ್ಟಕ್ಕೆ ಒಂದು ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಕರೆಂಟ್ ಇರುವವರೆಗೆ ಡೀಸೆಲ್ ಬಿಡುತ್ತದೆ, ಕರೆಂಟ್ ತಪ್ಪಿದ ಕ್ಷಣವೇ ಮುಚ್ಚಿಕೊಳ್ಳುತ್ತದೆ. ಕೀ ಆನ್ ಮಾಡಿದಾಗ ಪಂಪಿನ ಬಳಿ ‘ಟಕ್’ ಎಂದು ಕೇಳಿಸಬೇಕು. ಆದರೆ ನಿಮ್ಮದು ‘ತಡವರಿಸಿ’ ನಿಲ್ಲುತ್ತದೆ ಎಂದಿದ್ದೀರಿ. ಆ ಒಂದು ಪದವೇ ನನಗೆ ದಾರಿ ತೋರಿಸಿತು. ಎಳೆತ ಕಡಿಮೆಯಾಗಿ, ಒದ್ದಾಡಿ, ಆಮೇಲೆ ನಿಲ್ಲುವ ಗಾಡಿಗೆ ಡೀಸೆಲ್ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಜೊತೆಗೆ ಗಾಳಿ ಬರುತ್ತಿದೆ.

ನಾಳೆ ಬೆಳಗ್ಗೆ ಸೆಲ್ಫ್ ಹೊಡೆಯುವಾಗ ಒಬ್ಬರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ. ಎಂಜಿನ್ ಚುರುಕಾಗಿ ತಿರುಗುತ್ತಿದ್ದೂ ಹೊಗೆಯೇ ಬರದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ ಎಂದರ್ಥ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ನನ್ನು ಒಳಗಿನಿಂದ ಕಾಯಿಸುವ ಪ್ಲಗ್), ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ), ನಾಝಲ್ ಕಡೆ ನೋಡಬೇಕು. ನೇರ ಇಂಜೆಕ್ಷನ್ ಇರುವ ಕೆಲವು ಎಂಜಿನ್‌ಗಳಿಗೆ ಹೀಟರ್ ಇರುವುದೇ ಇಲ್ಲ, ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಹೀಟರ್ ಇರುವ ಎಂಜಿನ್ನಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲೇಬೇಡಿ. ಕಾದ ಪ್ಲಗ್‌ಗೆ ತಗುಲಿ ಅದು ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿದರೆ ಪಿಸ್ಟನ್ನೇ ಒಡೆಯಬಹುದು.

ಎಂಜಿನ್ ನಿಧಾನವಾಗಿ ತಿರುಗಿದರೆ ಮಾತ್ರ ವಿದ್ಯುತ್ ಕಡೆ ಹೋಗಿ. ರಾತ್ರಿಯಿಡೀ ನಿಂತ ಗಾಡಿಯ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬ್ಲಾಕ್‌ಗೂ ನಡುವೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ವೈರ್ ಕೆಟ್ಟಿದೆ. ಹಳೆಯ ಗಾಡಿಗಳಲ್ಲಿ ಈ ತುಕ್ಕು ಹಿಡಿದ ಅರ್ಥ್‌ನಿಂದಾಗಿ ಎಷ್ಟೋ ಒಳ್ಳೆಯ ಬ್ಯಾಟರಿಗಳು ಗುಜರಿ ಸೇರಿವೆ.

ಈಗ ಮುಖ್ಯ ವಿಷಯ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಟ್ಯಾಂಕಿನಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪ್) ಪೈಪಿನಲ್ಲಿ ಇರುವುದು ಒತ್ತಡವಲ್ಲ, ಎಳೆತ. ಫೀಡ್ ಪಂಪ್ ದಾಟಿದ ಮೇಲೆ ಬಿರುಕಿದ್ದರೆ ಡೀಸೆಲ್ ಹೊರಗೆ ಜಿನುಗಿ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಮುಂಚೆ ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣಿಸದಿರಬಹುದು. ಫೀಡ್ ಪಂಪ್ ಡೀಸೆಲ್ ಪಂಪಿನ ಒಳಗೇ ಇರುವ ರೋಟರಿ ಮಾದರಿಯಾದರೆ ಫಿಲ್ಟರ್ ಕೂಡ ಈ ಎಳೆತದ ಹಾದಿಯಲ್ಲೇ ಬರುತ್ತದೆ. ರಾತ್ರಿ ಗಾಡಿ ನಿಂತಾಗ ಆ ಬಿರುಕಿನಿಂದ ಗಾಳಿ ನುಗ್ಗಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ಮರಳುತ್ತದೆ. ಬೆಳಗ್ಗೆ ಪಂಪಿನೊಳಗೆ ಉಳಿದಿದ್ದ ಡೀಸೆಲ್ಲಿನಿಂದ ಎಂಜಿನ್ ಅರ್ಧ ನಿಮಿಷ ಓಡುತ್ತದೆ, ಗಾಳಿಯ ತುಂಡು ಬಂದು ತಲುಪಿದಾಗ ನಿಲ್ಲುತ್ತದೆ. ನೀವು ಬರೆದದ್ದೂ ಇದನ್ನೇ ಅಲ್ಲವೇ? ಒಂದು ರಾತ್ರಿ ಗಾಡಿಯನ್ನು ಮೂತಿ ತಗ್ಗಾಗುವಂತೆ ಇಳಿಜಾರಿನಲ್ಲಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಮರುದಿನ ಥಟ್ಟನೆ ಸ್ಟಾರ್ಟ್ ಆದರೆ ಗಾಳಿಯ ಮೇಲಿನ ಅನುಮಾನ ಬಲವಾಯಿತು.

ಆಮೇಲೆ ಪಾರದರ್ಶಕ ಪೈಪಿನ ಪರೀಕ್ಷೆ. ಪಂಪಿನ ಒಳಹರಿವಿನಲ್ಲಿರುವ ರಬ್ಬರ್ ಪೈಪನ್ನು ತೆಗೆದು ಅದೇ ಅಳತೆಯ ಪಾರದರ್ಶಕ ಪೈಪಿನ ತುಂಡು ಹಾಕಿ, ಕ್ಲಿಪ್ ಬಿಗಿಯಾಗಿರಲಿ. ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ ಹೊರಬಿಟ್ಟು ಸ್ಟಾರ್ಟ್ ಮಾಡಿ ಕಾಲು ಗಂಟೆ ನೋಡುತ್ತಾ ಇರಿ. ಶುರುವಿನ ಕೆಲವು ಗುಳ್ಳೆಗಳು ಹೋಗಿ ಡೀಸೆಲ್ ಗಾಜಿನ ಕಂಬಿಯಂತೆ ನಿಂತುಬಿಡಬೇಕು. ನನ್ನ ಗಾಡಿಯಲ್ಲಿ ಸೋಡಾ ಬಾಟಲಿ ಒಡೆದ ಹಾಗೆ ಗುಳ್ಳೆಗಳು ಸಾಲುಗಟ್ಟಿ ಬರುತ್ತಲೇ ಇದ್ದವು, ರೇಸ್ ಕೊಟ್ಟಷ್ಟೂ ದಪ್ಪವಾದವು. ಅದೇ ತುಂಡನ್ನು ಫಿಲ್ಟರಿಗೆ ಮುಂಚೆ ಹಾಕಿ ನೋಡಿದೆ, ಅಲ್ಲೂ ಗುಳ್ಳೆ. ಹಾಗಾದರೆ ದೋಷ ಟ್ಯಾಂಕಿನ ಕಡೆಗಿದೆ. ಫಿಲ್ಟರಿಗೆ ಮುಂಚೆ ಗುಳ್ಳೆಯಿಲ್ಲದೆ ನಂತರ ಮಾತ್ರ ಇದ್ದಿದ್ದರೆ ಫಿಲ್ಟರಿನ ರಬ್ಬರ್ ರಿಂಗ್, ನೀರು ಬಿಡುವ ಸ್ಕ್ರೂ, ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಹ್ಯಾಂಡ್ ಪಂಪಿನ ಸೀಲು ನೋಡಬೇಕಿತ್ತು. ಕಬ್ಬಿಣದ ಪೈಪಿಗೆ ಸೇರುವ ಕಡೆ ಕ್ಲಿಪ್ ಬಿಚ್ಚಿ ರಬ್ಬರನ್ನು ಬಾಗಿಸಿದೆ. ಕ್ಲಿಪ್ಪಿನ ಅಡಿಯಲ್ಲಿ ಒಣಗಿದ ಕೆರೆಯ ನೆಲದ ಹಾಗೆ ಸಣ್ಣ ಸಣ್ಣ ಸೀಳು. ಹೊರಗಿನಿಂದ ಪೈಪ್ ಹೊಸದರಂತೆಯೇ ಕಾಣುತ್ತಿತ್ತು.

ನಿಮ್ಮ ಘಾಟಿಯ ತೊಂದರೆಗೆ ಇನ್ನೂ ಮೂರು ಕಾರಣಗಳಿರಬಹುದು, ಅವನ್ನು ಬೇರ್ಪಡಿಸುವುದು ಕಷ್ಟವಲ್ಲ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಉಸ್’ ಎಂದು ಗಾಳಿ ಒಳಗೆ ಎಳೆದುಕೊಂಡು, ತಕ್ಷಣ ಸ್ಟಾರ್ಟ್ ಆದರೆ ಟ್ಯಾಂಕಿನ ಗಾಳಿಯ ದಾರಿ ಕಟ್ಟಿಕೊಂಡಿದೆ. ಡೀಸೆಲ್ ಅರ್ಧಕ್ಕಿಂತ ಕಡಿಮೆಯಿದ್ದಾಗ ಮಾತ್ರ ನಿಲ್ಲುತ್ತದೆಯೇ ಎಂದೂ ಗಮನಿಸಿ. ಟ್ಯಾಂಕಿನೊಳಗೆ ಇಳಿದಿರುವ ಪೈಪು ನಡುವೆ ತುಕ್ಕು ತಿಂದು ತೂತಾಗಿದ್ದರೆ, ಡೀಸೆಲ್ ಆ ತೂತಿಗಿಂತ ಕೆಳಗಿಳಿದ ದಿನದಿಂದ ಗಾಳಿ ಎಳೆಯುತ್ತದೆ. ಮೂರನೆಯದು ನಿಮ್ಮ ಹತ್ತು ನಿಮಿಷದ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ: ಟ್ಯಾಂಕಿನ ತಳದ ಕಸ ಆ ಪೈಪಿನ ತುದಿಯ ಜಾಲರಿಗೆ ಮೆತ್ತಿಕೊಳ್ಳುತ್ತದೆ, ಎಂಜಿನ್ ನಿಂತು ಎಳೆತ ತಪ್ಪಿದ ಮೇಲೆ ತಾನಾಗಿಯೇ ಉದುರುತ್ತದೆ. ಲೋಡಿನಲ್ಲಿ ಡೀಸೆಲ್ ಹೆಚ್ಚು ಬೇಕಾಗುವುದರಿಂದ ಏರಿನಲ್ಲೇ ಇದು ಬಯಲಾಗುತ್ತದೆ. ಬೆಳಗಿನ ಗಾಳಿ ಒಂದು ಕಡೆಯಿಂದ, ಘಾಟಿಯ ಕಸ ಇನ್ನೊಂದು ಕಡೆಯಿಂದ ಬರುತ್ತಿರಲೂಬಹುದು. ಹಳೆಯ ಗಾಡಿಯಲ್ಲಿ ಎರಡು ರೋಗ ಒಟ್ಟಿಗೆ ಇರುವುದು ಅಪರೂಪವಲ್ಲ.

ಟ್ಯಾಂಕ್ ಇಳಿಸುವ ಮೊದಲು ಕ್ಯಾನ್ ಪರೀಕ್ಷೆ ಮಾಡಿಸಿ. ಐದು ಲೀಟರ್ ಶುದ್ಧ ಡೀಸೆಲ್ ಇರುವ ಕ್ಯಾನನ್ನು ಸೈಲೆನ್ಸರ್ ಮತ್ತು ಫ್ಯಾನಿನಿಂದ ದೂರವಿಟ್ಟು, ಎಂಜಿನ್ನಿಗೆ ಬರುವ ಪೈಪನ್ನೂ ಉಳಿದ ಡೀಸೆಲ್ಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನೂ ಅದರೊಳಗೆ ಇಳಿಸಬೇಕು. ನಿಂತ ಗಾಡಿಯಲ್ಲೇ ಮಾಡಿ, ಕ್ಯಾನ್ ಇಟ್ಟುಕೊಂಡು ರಸ್ತೆಗೆ ಹೋಗಬೇಡಿ. ಒಂದು ರಾತ್ರಿ ಹಾಗೆಯೇ ಬಿಟ್ಟು ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆಗಿ ನಿಲ್ಲದೆ ಓಡಿದರೆ ನಿಮ್ಮ ಪಂಪ್ ನಿರ್ದೋಷಿ. ಕ್ಯಾನಿನ ಡೀಸೆಲ್ಲಿನಲ್ಲೂ, ಗುಳ್ಳೆಯೇ ಇಲ್ಲದೆಯೂ ನಿಂತರೆ ಆಗ ಪಂಪ್ ಬಿಚ್ಚಿಸುವ ಮಾತಿಗೆ ಅರ್ಥವಿದೆ, ನಾನು ಅಡ್ಡ ಬರುವುದಿಲ್ಲ.

ಪೈಪ್ ಬದಲಿಸುವಾಗ ಡೀಸೆಲ್‌ಗೆಂದೇ ಮಾಡಿದ ಪೈಪ್ ಕೇಳಿ ತನ್ನಿ. ಬ್ಯಾಂಜೋ ಬೋಲ್ಟ್ (ಡೀಸೆಲ್ ಪೈಪನ್ನು ಜೋಡಿಸುವ, ನಡುವೆ ತೂತಿರುವ ಬೋಲ್ಟ್) ಬಿಚ್ಚಿದರೆ ತಾಮ್ರದ ವಾಷರ್‌ಗಳನ್ನು ಹೊಸದಾಗಿ ಹಾಕಿ, ಹಳೆಯವು ಒಮ್ಮೆ ಚಪ್ಪಟೆಯಾದ ಮೇಲೆ ಸರಿಯಾಗಿ ಕೂರುವುದಿಲ್ಲ. ಪಾರದರ್ಶಕ ಪೈಪನ್ನು ಪರೀಕ್ಷೆ ಮುಗಿದ ಕೂಡಲೇ ತೆಗೆದುಬಿಡಿ, ಎಂಜಿನ್ ಬಿಸಿಗೆ ಅದು ಗಡುಸಾಗಿ ಜಾರುತ್ತದೆ. ಗುಳ್ಳೆ ಫಿಲ್ಟರಿಗೆ ಮುಂಚೆ ಕಂಡಿತೇ, ನಂತರ ಕಂಡಿತೇ, ಆಗ ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು ಎನ್ನುವುದನ್ನು ಇಲ್ಲೇ ಬರೆಯಿರಿ, ಮುಂದಿನದನ್ನು ನೋಡೋಣ.